ಮಾತು ಕಡಿಮೆ, ಧೈರ್ಯ ಹೆಚ್ಚು

ಮಕ್ಕಳೇ, ಗಟ್ಟಿಯಾಗಿ ಮಾತನಾಡುವವರೇ ಧೈರ್ಯವಂತರೆಂದು ನೀವು ತಿಳಿದಿದ್ದೀರಾ? ಹಾಗಾದರೆ ತೋಲ್ಪೆಟ್ಟಿಯ ಅರಣ್ಯ ಕಾವಲುಗಾರರ ವಿಷಯ ಕೇಳಿ.

ತೋಲ್ಪೆಟ್ಟಿಯು ವಯನಾಡು ಜಿಲ್ಲೆಯಲ್ಲಿ, ಕೊಡಗಿನ ಗಡಿಯ ಬಳಿ ಇದೆ. 1973ರಲ್ಲಿ ಸ್ಥಾಪನೆಯಾದ ವಯನಾಡು ವನ್ಯಜೀವಿಧಾಮದ ಒಂದು ಭಾಗ ಇಲ್ಲಿದೆ. ಆನೆ, ಹುಲಿ, ಕಾಟಿಗಳಿರುವ ಈ ಕಾಡಿನಲ್ಲಿ ಕಾವಲುಗಾರರು ಕಾಲ್ನಡಿಗೆಯಲ್ಲಿ ಗಸ್ತು ತಿರುಗುತ್ತಾರೆ. ಅವರಲ್ಲಿ ಬುಡಕಟ್ಟು ಜನರೂ ಇದ್ದಾರೆ. ಮುರಿದ ಕೊಂಬೆ, ಹಸಿ ಲದ್ದಿ ಕಂಡರೆ ಆನೆ ಹತ್ತಿರವಿದೆಯೆಂದು ಅರಿಯುತ್ತಾರೆ. ಬೇಸಿಗೆಯಲ್ಲಿ ಒಣಗಿದ ಹುಲ್ಲು, ಬಿದಿರಿಗೆ ಕಿಚ್ಚು ತಗಲಿದರೆ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸುತ್ತಾರೆ.

ಈ ಕೆಲಸ ಸುಲಭವಲ್ಲ. 2024ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಕುರುವಾ ದ್ವೀಪದ ಪ್ರವಾಸಿ ಕೇಂದ್ರದ ನೌಕರರೊಬ್ಬರು ಕಾಡಾನೆಯ ದಾಳಿಯಿಂದ ತೀರಿಕೊಂಡರು. ಅಪಾಯ ತಿಳಿದಿದ್ದರೂ ಕಾವಲುಗಾರರು ಮರುದಿನ ಮತ್ತೆ ಕಾಡಿಗೆ ಹೋಗುತ್ತಾರೆ.

ಇಂತಹವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಮ್ಮ ಪಕ್ಕದಲ್ಲೇ ಸುಮ್ಮನೆ ನಿಂತಿರಬಹುದು. ತಮ್ಮ ಸಾಹಸವನ್ನು ತಾವಾಗಿ ಹೇಳಿಕೊಳ್ಳಲಾರರು. ಕಾಡಿನಲ್ಲಿ ಸದ್ದು ಮಾಡದೆ ನಡೆದು, ಕಿವಿಗೊಟ್ಟು ಆಲಿಸುವುದು ಅವರಿಗೆ ರೂಢಿ. ಆ ಮೌನವೇ ಅಲ್ಲಿ ಜೀವ ಕಾಯುತ್ತದೆ.

ನಿಮ್ಮ ತರಗತಿಯಲ್ಲಿಯೂ ಮೌನವಾಗಿರುವ ಗೆಳೆಯರಿರಬಹುದು. ಅವರನ್ನು ಅಂಜುಬುರುಕರೆಂದು ಕರೆಯಬೇಡಿರಿ. ಒಬ್ಬರ ಧೈರ್ಯವನ್ನು ಅವರ ಕೆಲಸದಿಂದ ಅಳೆಯಬೇಕು.