ಕ್ಯಾಮೆರಾ ಬದಲಿಸಬೇಡಿ, ಕುರ್ಚಿ ತಿರುಗಿಸಿ

"ಯಾಕೋ, ಮುಖ ಇಷ್ಟು ಕಪ್ಪಗಾಗಿದೆ? ಊಟ ಸರಿಯಾಗಿ ಮಾಡ್ತಿಲ್ವೇನೋ?"

ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅರಸೀಕೆರೆಯಿಂದ ಅಮ್ಮ ಕೇಳಿದಳು. ನಾನೋ, ಚೆನ್ನಾಗಿ ಉಂಡು ತೂಕ ಹೆಚ್ಚಿಸಿಕೊಂಡು ಕೂತಿದ್ದೆ! ಆದರೆ ತಂಗಿಯ ಮೊಬೈಲಿನಲ್ಲಿ ಅಮ್ಮನಿಗೆ ಕಂಡದ್ದು ಮಸುಕಾದ ಒಂದು ನೆರಳು ಮಾತ್ರ. ನಾನು ಏನೋ ಕಾಯಿಲೆ ಮುಚ್ಚಿಡುತ್ತಿದ್ದೇನೆ ಅಂತ ಅವಳು ಆ ರಾತ್ರಿ ನಿದ್ದೆಯನ್ನೇ ಮಾಡಲಿಲ್ಲವಂತೆ. ಮಾರನೆಯ ದಿನ ತಂಗಿ ಹೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

"ಹೊಸ ಕ್ಯಾಮೆರಾ ತರಿಸೋಣ ಅಪ್ಪ" ಎಂದ ಮಗ. ಖರ್ಚಿನ ಮಾತು ಬಂದರೆ ಬ್ಯಾಂಕಿನವನಿಗೆ ಮೊದಲು ಲೆಕ್ಕ ನೋಡುವ ಚಟ. ನೋಡಿದೆ. ತಪ್ಪು ಕ್ಯಾಮೆರಾದ್ದಲ್ಲ, ನನ್ನದೇ!

ನಮ್ಮ ಲೋಧಿ ಕಾಲೋನಿಯ ಮನೆಗಳು 1940ರ ದಶಕದವು. ಗೋಡೆ ದಪ್ಪ, ಒಳಗೆ ಬೆಳಕು ಅಷ್ಟಕ್ಕಷ್ಟೆ. ಕಂಪ್ಯೂಟರ್ ಮುಂದೆ ಕೂತರೆ ಕಿಟಕಿ ನನ್ನ ಬೆನ್ನ ಹಿಂದೆ. ಆ ಬೆಳಕು ಕಂಡು ಕ್ಯಾಮೆರಾ ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ, ಮುಖ ಕಪ್ಪಾಗುತ್ತದೆ. ಕರ್ಟನ್ ಎಳೆದರೆ ಇನ್ನೊಂದು ಪಜೀತಿ. ಬೆಳಕು ಸಾಲದೆ ಸಿಗ್ನಲ್ ಹಿಗ್ಗಿಸುತ್ತದೆ, ಮುಖದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆ. ಸೆಕೆಂಡಿಗೆ 30 ಬರಬೇಕಾದ ಚಿತ್ರ 15ಕ್ಕೆ ಇಳಿದು, ಕೈ ಆಡಿಸಿದರೆ ಕಲಸಿಹೋಗುತ್ತದೆ. 20 ಲಕ್ಷ ಪಿಕ್ಸೆಲ್ಲಿನ ಕ್ಯಾಮೆರಾ ತಂದರೂ ಕತ್ತಲಲ್ಲಿ ಕತ್ತಲನ್ನೇ ತಾನೆ ತೋರಿಸೀತು?

ಮೇಜು ತಿರುಗಿಸಿದೆ, ಕಿಟಕಿ ಈಗ ಮುಖದ ಎದುರು. ಮೆತ್ತನೆ ಬಟ್ಟೆಯಿಂದ ಲೆನ್ಸ್ ಒರೆಸಿದೆ, ಅಬ್ಬಾ, ಒಗ್ಗರಣೆ ಜಿಡ್ಡು! ಸಂಜೆ ಟೇಬಲ್ ಲ್ಯಾಂಪನ್ನು ಎದುರಿನ ಗೋಡೆಗೆ ತಿರುಗಿಸಿದರೆ ಹದವಾದ ಬೆಳಕು. ಟ್ಯೂಬ್‌ಲೈಟಿನಲ್ಲಿ ಪಟ್ಟೆ ಓಡುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗ್ 60 ಹರ್ಟ್ಜ್‌ನಿಂದ 50ಕ್ಕೆ ಬದಲಿಸಿ. ನಮ್ಮ ಕರೆಂಟು 50, ಅಮೆರಿಕದ್ದು 60. ಕಾಲ್ ಮಾಡದೆ ಬರೀ ಕ್ಯಾಮೆರಾ ತೆರೆದಾಗ ಚಿತ್ರ ಚೆನ್ನಾಗಿದ್ದು, ಕಾಲ್‌ನಲ್ಲಿ ಮಾತ್ರ ಕೆಟ್ಟರೆ ಇಂಟರ್‌ನೆಟ್ ಕಡೆ ನೋಡಿ. ಇಷ್ಟಕ್ಕೂ ನನಗಾದ ಖರ್ಚು ಸೊನ್ನೆ!

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ವಿಡಿಯೋ ಮೂಲಕ ಕೆವೈಸಿ ಮಾಡಲು ಒಪ್ಪಿಗೆ ಕೊಟ್ಟಿತು. ಗ್ರಾಹಕರ ಮುಖ ಮಸುಕಾಗಿದ್ದರೆ "ಸ್ವಲ್ಪ ಬೆಳಕಿಗೆ ಬನ್ನಿ" ಎನ್ನುವವರು ನಾವು. ಖಾತೆ ತೆರೆಯಲು ಬೇಕಾದಷ್ಟು ಸ್ಪಷ್ಟತೆ ಹೆತ್ತ ತಾಯಿಗೆ ಬೇಡವೇ? ನಮ್ಮ ಮುಖ ನಮಗೆ ಮೂಲೆಯ ಪುಟ್ಟ ಚೌಕ, ಹಾಗಾಗಿ ಅದರ ಗೊಡವೆ ನಮಗಿಲ್ಲ. ಊರಲ್ಲಿರುವವರಿಗೆ ಅದೇ ಇಡೀ ಪರದೆ. ಹಿಂದೆ ಇನ್‌ಲ್ಯಾಂಡ್ ಲೆಟರಿನಲ್ಲಿ ಅಕ್ಷರ ಸೊಟ್ಟಗಿದ್ದರೂ ಅಪ್ಪ "ಜ್ವರವೇನೋ" ಅಂತ ಗಾಬರಿಯಾಗುತ್ತಿದ್ದರು. ದೂರದಲ್ಲಿರುವವರನ್ನು ಅವರು ಓದುವುದೇ ಹಾಗೆ. ಅವರಿಗೆ ಇಲ್ಲದ ಚಿಂತೆ ಕೊಡಬಾರದು ಅನ್ನುವುದಷ್ಟೇ ನನ್ನ ವಾದ.

ಕಳೆದ ಭಾನುವಾರ ಅಮ್ಮ ಕಣ್ಣರಳಿಸಿ ನೋಡಿದಳು. "ಅಯ್ಯೋ, ಇಷ್ಟೊಂದು ನರೆ ಬಂತೇನೋ ನಿಂಗೆ!"

ಇರಲಿ ಬಿಡಿ, ಇದಾದರೂ ನಿಜವಾದ ಚಿಂತೆ. ಏನಂತೀರಿ?