ಮೈ ಗಟ್ಟಿ, ಕಾಲು ಮೆತ್ತಗೆ

ಮೊನ್ನೆ ಆಫೀಸಿನ ಪಾರ್ಕಿಂಗಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಕಾರಿನ ಬಾನೆಟ್ ಎತ್ತಿ ನಿಂತಿದ್ದ. ಸುತ್ತ ಆರು ಜನ. ಒಳಗೆ ಇಂಜಿನ್ ಮೇಲೆ ಅಡ್ಡಲಾಗಿ ಕೆಂಪು ಬಣ್ಣದ ಒಂದು ಸರಳು. ‘ಸ್ಟ್ರಟ್ ಬಾರ್ ಸಾರ್, ಹ್ಯಾಂಡ್ಲಿಂಗ್ ಸೂಪರಾಗಿದೆ’ ಅಂದ. ನಾನು ಬಗ್ಗಿ ಮುಂದಿನ ಟೈರು ನೋಡಿದೆ. ಒಳಗಿನ ಅಂಚು ಸವೆದು ನುಣ್ಣಗೆ ಬೋಳಾಗಿತ್ತು. ‘ಇದನ್ನ ಯಾವಾಗ ಬದಲಾಯಿಸ್ತೀಯಪ್ಪಾ?’ ಅಂತ ಕೇಳಿದೆ. ‘ಬೋನಸ್ ಬಂದ್ರೆ ಮೊದಲು ಕಾಯ್ಲೋವರ್ ಸಾರ್, ಟೈರು ಆಮೇಲೆ’ ಅಂದ.

ನನಗೆ ನಗು ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಆ ಹುಡುಗ ನಾನೇ ಆಗಿದ್ದೆ.

ಆಗ ನನ್ನ ಹತ್ರ ಇದ್ದದ್ದು ಒಂದು ಸೆಕೆಂಡ್‌ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್. ಸಂಬಳದವರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಅಂದರೆ ನಮ್ಮಲ್ಲಿ ಅಷ್ಟೇ ತಾನೆ? ಮುಂದೆ ಹಿಂದೆ ಸ್ಟ್ರಟ್ ಬಾರ್ ಬಿಗಿಸಿದೆ. ಕಾರನ್ನು 40 ಮಿಲಿಮೀಟರ್ ತಗ್ಗಿಸುವ ಗಡಸು ಸ್ಪ್ರಿಂಗ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ ಇರಲಿ ಅಂದೆ, ದುಡ್ಡು ಉಳಿಯುತ್ತಲ್ಲ! ಗ್ಯಾರೇಜಿನವರೂ ‘ಏನಾಗಲ್ಲ ಬಾಸ್’ ಅಂದರು.

ಆಮೇಲೆ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ವಿ. ಒಂದು ಎಡ ತಿರುವಿನ ನಡುವೆ ಡಾಂಬರು ಕಿತ್ತು ಉಬ್ಬಿಕೊಂಡಿತ್ತು. ಸ್ಪೀಡು 40 ಕೂಡ ಇರಲಿಲ್ಲ. ಕಾರಿನ ಮೂತಿ ಧಡ್ ಅಂತ ಬಡಿದು ಪುಟಿಯಿತು. ಸ್ಟೀರಿಂಗ್ ಎಡಕ್ಕೆ ತಿರುಗೇ ಇತ್ತು, ಕಾರು ಬಲಕ್ಕೆ ಜಾರ್ತಾ ಇತ್ತು. ಎದುರಿಗೆ ಬಸ್ಸು. ಆ ಡ್ರೈವರಣ್ಣ ತಡೆಗೋಡೆಗೆ ತಾಗುವಷ್ಟು ಬಸ್ಸನ್ನು ಸರಿಸಿಕೊಂಡ, ನಾವು ಉಳಿದ್ವಿ. ಅಪ್ಪ ಉಜಿರೆ ಬರೋವರೆಗೂ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: ‘ಮೊದಲು ಹೆಂಗಿತ್ತೋ ಹಂಗೇ ಚೆನ್ನಾಗಿತ್ತು ಕಣೋ.’

ಆಗಿದ್ದಿಷ್ಟೇ. ಕಾರು ತಗ್ಗಿಸಿದಾಗ ಸ್ಪ್ರಿಂಗ್ ಕುಗ್ಗೋಕೆ ಇದ್ದ ಜಾಗವೂ ತಗ್ಗಿತ್ತು. ಉಬ್ಬು ಸಿಕ್ಕ ಕೂಡಲೇ ಸಸ್ಪೆನ್ಷನ್ ತಳಮುಟ್ಟಿ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತುಂಡಿಗೆ ಬಡಿಯಿತು. ಆ ಕ್ಷಣ ಅಲ್ಲಿ ಸಸ್ಪೆನ್ಷನ್ನೇ ಇಲ್ಲ, ಬರೀ ದಿಮ್ಮಿ. ಹೊಡೆತವೆಲ್ಲ ಮುಂದಿನ ಟೈರಿನ ಮೇಲೆ ಬಿತ್ತು, ಟೈರು ಹಿಡಿತ ಬಿಟ್ಟಿತು. ಗಡಸು ಸ್ಪ್ರಿಂಗಿನ ಪುಟಿತವನ್ನು ಅಡಗಿಸೋ ಶಕ್ತಿ ಹಳೇ ಶಾಕ್‌ಗೆ ಇರಲಿಲ್ಲ. ಇನ್ನೊಂದು ತಮಾಷೆ ಕೇಳಿ. ನಮ್ಮ ಕಾರುಗಳಲ್ಲಿ ಮುಂದೆ ಇರೋದು ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್. ಅದನ್ನು ಅತಿಯಾಗಿ ತಗ್ಗಿಸಿದರೆ ರೋಲ್ ಸೆಂಟರ್ ಭಾರಕೇಂದ್ರಕ್ಕಿಂತ ಜಾಸ್ತಿ ಕೆಳಗಿಳಿಯುತ್ತೆ. ಅಂದರೆ ಕಾರು ವಾಲಬಾರದು ಅಂತ ನಾವು ತಗ್ಗಿಸ್ತೀವಿ, ಅದನ್ನು ವಾಲಿಸೋ ಸನ್ನೆಕೋಲು ಇನ್ನೂ ಉದ್ದ ಆಗುತ್ತೆ!

ನಮ್ಮ ತಲೆಯಲ್ಲಿ ಕೂತಿರೋ ಸುಳ್ಳು ಒಂದೇ: ಗಡಸು ಅಂದರೆ ಸ್ಪೋರ್ಟಿ. ಬೆನ್ನುಮೂಳೆ ನೋಯಿಸಿದರೆ ಹ್ಯಾಂಡ್ಲಿಂಗ್ ಚೆನ್ನಾಗಿದೆ ಅಂತ ಲೆಕ್ಕ. ಸ್ವಾಮಿ, ಹ್ಯಾಂಡ್ಲಿಂಗ್ ಅಂದರೆ ಟೈರು ನೆಲ ಬಿಡದೆ ಇರೋದು. ಒಂದೊಂದು ಟೈರು ನೆಲ ಮುಟ್ಟೋದು ಅಂಗೈಯಗಲ. ಆ ನಾಲ್ಕು ಅಂಗೈ ರಸ್ತೆಗೆ ಅಂಟಿಕೊಂಡಿರೋ ಹಾಗೆ ನೋಡಿಕೊಳ್ಳೋದೇ ಸಸ್ಪೆನ್ಷನ್ನಿನ ಕೆಲಸ.

ಬಲ್ಲವರು ಹೇಗೆ ಮಾಡ್ತಾರೆ ನೋಡಿ. 1996ರಲ್ಲಿ ಬಂದ ಲೋಟಸ್ ಎಲೀಸ್‌ನ ಷಾಸಿ ಅಂಟಿನಿಂದ ಜೋಡಿಸಿದ ಅಲ್ಯುಮಿನಿಯಂ ಚೌಕಟ್ಟು. ತೂಕ ಬರೀ 68 ಕಿಲೋ, ಆದರೂ ಭಾರೀ ಗಟ್ಟಿ. ಷಾಸಿ ಹಾಗೆ ಗಟ್ಟಿ ಇದ್ದದ್ದಕ್ಕೇ ಅವರು ಸ್ಪ್ರಿಂಗನ್ನು ಮೆತ್ತಗೆ ಇಡೋಕಾಯ್ತು. ಮೈ ಗಟ್ಟಿ, ಕಾಲು ಮೆತ್ತಗೆ. ನಾವು ಕಾಲನ್ನು ಕಲ್ಲು ಮಾಡಿ, ಮೈಗೆ ಒಂದು ಸರಳು ಕಟ್ಟಿ, ಫೋಟೋ ಹಾಕ್ತೀವಿ.

ಹಾಗಂತ ಬ್ರೇಸಿಂಗೇ ಮೋಸ ಅಂತಲ್ಲ. ಮಾಜ್ದಾ ಎಂಎಕ್ಸ್-5 ತಲೆ ಮೇಲೆ ಛಾವಣಿ ಇಲ್ಲದ ಕಾರು, ಸಹಜವಾಗಿ ತಿರುಚಿಕೊಳ್ಳುತ್ತೆ. 1994ರ ಮಾಡೆಲ್ಲಿಗೆ ದೊಡ್ಡ ಇಂಜಿನ್ ಕೊಟ್ಟಾಗ ಕಂಪನಿಯೇ ಹೆಚ್ಚಿನ ಬ್ರೇಸ್ ಸೇರಿಸಿತು. ರೇಸ್ ಟ್ರ್ಯಾಕಿನ ಕಥೆಯೂ ಬೇರೆ. ಅಲ್ಲಿ ರಸ್ತೆ ನುಣುಪು, ಸ್ಪ್ರಿಂಗ್ ಗಡಸು. ಸ್ಪ್ರಿಂಗ್ ಬಗ್ಗದಿದ್ದರೆ ಬಾಡಿಯೇ ಐದನೇ ಸ್ಪ್ರಿಂಗಿನ ಹಾಗೆ ತಿರುಚಿಕೊಳ್ಳುತ್ತೆ, ಅದನ್ನು ಹಿಡಿಯೋಕೆ ಬ್ರೇಸ್ ಬೇಕೇ ಬೇಕು. ಆದರೆ ಉಕ್ಕಿನ ಛಾವಣಿ ಇರೋ ಹ್ಯಾಚ್‌ಬ್ಯಾಕಿಗೆ, ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ ಫಸ್ಟ್ ಗೇರಲ್ಲಿ ಹೋಗೋದಕ್ಕೆ, ಯಾವ ತಿರುಚು ಮಾರಾಯ್ರೇ?

ದುಡ್ಡು ಖರ್ಚು ಮಾಡ್ಲೇಬೇಕು ಅಂತಿದ್ದರೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೊದಲು ಒಳ್ಳೆ ಟೈರು, ಸರಿಯಾದ ಗಾಳಿ. ಆಮೇಲೆ ಬುಶ್, ಬಾಲ್ ಜಾಯಿಂಟ್. 60 ಸಾವಿರ ಕಿಲೋಮೀಟರ್ ಓಡಿ ಬುಶ್ ಹರಿದಿರೋ ಕಾರಿಗೆ ಸ್ಟ್ರಟ್ ಬಾರ್ ಹಾಕೋದು ಸೊಂಟ ಉಳುಕಿದವನಿಗೆ ಟೈ ಕಟ್ಟಿದ ಹಾಗೆ. ಆಮೇಲೆ ಅಲೈನ್‌ಮೆಂಟ್, ಕೊಟ್ಟ ರೀಡಿಂಗ್ ಶೀಟ್ ಓದಿ ನೋಡಿ. ಆಮೇಲೆ ಸ್ಪ್ರಿಂಗ್, ಶಾಕ್. ಎರಡನ್ನೂ ಜೋಡಿಯಾಗೇ ಹಾಕಿಸಿ, ಒಂದನ್ನು ಬಿಟ್ಟು ಇನ್ನೊಂದಲ್ಲ. ಆಂಟಿರೋಲ್ ಬಾರ್ ಬೇಕಾದರೆ ಯೋಚಿಸಿ ಹಾಕಿ. ಫ್ರಂಟ್ ವೀಲ್ ಡ್ರೈವ್ ಕಾರಿಗೆ ಮುಂದೆ ದಪ್ಪ ಬಾರ್ ಬಿಗಿದರೆ ಮೂತಿ ಇನ್ನಷ್ಟು ಹೊರಗೆ ಓಡುತ್ತೆ. ಇಷ್ಟೆಲ್ಲ ಆಗಿ ದುಡ್ಡು ಉಳಿದರೆ ಬ್ರೇಸ್. ಆರ್‌ಸಿಯಲ್ಲಿರೋ ವಿವರಕ್ಕೂ ಕಾರಿಗೂ ತಾಳೆಯಾಗದ ಹಾಗೆ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡೋದಿಲ್ಲ ಅನ್ನೋದೂ ನೆನಪಿರಲಿ.

‘ನನ್ನ ದುಡ್ಡು, ನನ್ನ ಕಾರು, ನಿಮಗೇನು ಸಾರ್?’ ಅಂತ ಆ ಹುಡುಗನೂ ಕೇಳಿದ. ನಿಜ, ಕಾರು ನಿನ್ನದೇ ಕಣಪ್ಪ. ಎದುರಿಗೆ ಬರೋ ಬಸ್ಸು ನಿನ್ನದಲ್ಲ, ಹಿಂದಿನ ಸೀಟಲ್ಲಿ ಕೂತವರಿಗೆ ಕಾಯ್ಲೋವರ್ ಅಂದರೆ ಏನು ಅಂತಲೂ ಗೊತ್ತಿಲ್ಲ.

ನನ್ನ ಸ್ಟ್ರಟ್ ಬಾರ್ ಈಗ ಮನೆ ಬಾಲ್ಕನಿಯಲ್ಲಿದೆ. ಅಮ್ಮ ಅದರ ಮೇಲೆ ನೆಲ ಒರೆಸೋ ಬಟ್ಟೆ ಒಣಗಿಸ್ತಾಳೆ. ನಿಜಕ್ಕೂ ಗಟ್ಟಿ ಮಾಲು, ಒಂಚೂರೂ ಬಾಗಿಲ್ಲ.