ಅವಳಿಗೆ ಗೊತ್ತಾದರೆ ಕಾಲವೇ ಹಿಂದಕ್ಕೆ

2015ರ ಮಾರ್ಚ್‌ನಲ್ಲಿ ಪ್ರಸಾರವಾದ ‘ದಿ ಫ್ಲ್ಯಾಶ್’ ಧಾರಾವಾಹಿಯ ಒಂದು ಕಂತು. ಊರಿನ ಮೇಲೆ ಸುನಾಮಿ ಎದ್ದು ಬರುತ್ತಿದೆ. ದಡದಲ್ಲಿ ನಿಂತ ಪತ್ರಕರ್ತೆ ಐರಿಸ್ ವೆಸ್ಟ್, ಜೊತೆಯಲ್ಲೇ ಬೆಳೆದ ಬ್ಯಾರಿ ಅಲೆನ್‌ಗೆ ಕೊನೆಗೂ ಮನಸ್ಸು ಬಿಚ್ಚಿ ಹೇಳುತ್ತಾಳೆ, ಮುತ್ತಿಡುತ್ತಾಳೆ. ಬೇರೆ ದಾರಿಯಿಲ್ಲದೆ ಬ್ಯಾರಿ ಅವಳ ಕಣ್ಣೆದುರೇ ಕೆಂಪು ಉಡುಪಿನ ಫ್ಲ್ಯಾಶ್ ಆಗಿಬಿಡುತ್ತಾನೆ. ತಿಂಗಳುಗಟ್ಟಲೆ ಅವಳಿಂದ ಮುಚ್ಚಿಟ್ಟಿದ್ದ ಗುಟ್ಟು ಒಂದೇ ಕ್ಷಣದಲ್ಲಿ ಬಯಲು. ಅಲೆ ತಡೆಯಲೆಂದು ಓಡಿದವನು ಆ ವೇಗಕ್ಕೆ ಕಾಲವನ್ನೇ ಸೀಳಿಕೊಂಡು ಒಂದು ದಿನ ಹಿಂದಕ್ಕೆ ಹೋಗಿ ಬೀಳುತ್ತಾನೆ. ಈಗ ಸುನಾಮಿ ಬಂದೇ ಇಲ್ಲ, ಮುತ್ತೂ ಇಲ್ಲ. ಐರಿಸ್‌ಗೆ ಏನೇನೂ ಗೊತ್ತಿಲ್ಲ. ಬ್ಯಾರಿಗೆ ಮಾತ್ರ ಎಲ್ಲ ನೆನಪಿದೆ.

ನೆನಪಿರುವುದರಿಂದಲೇ ಮುಂದಿನ ಕಂತಿನಲ್ಲಿ ಅವನು ಅವಳೆದುರು ಕೂತು, ನಿನಗೂ ನನ್ನ ಮೇಲೆ ಪ್ರೀತಿಯಿದೆ ಎಂದು ಧೈರ್ಯವಾಗಿ ಹೇಳುತ್ತಾನೆ. ಐರಿಸ್ ಕಕ್ಕಾಬಿಕ್ಕಿಯಾಗಿ ಇಲ್ಲವೆನ್ನುತ್ತಾಳೆ. ಪಾಪ, ಪ್ರಶ್ನೆಪತ್ರಿಕೆ ಅವನೊಬ್ಬನಿಗೆ ಮೊದಲೇ ಸಿಕ್ಕಿದೆ.

ಇದು ಒಬ್ಬ ಕಥೆಗಾರನ ಒಂದು ದಿನದ ಚಪಲವಾಗಿದ್ದರೆ ನಕ್ಕು ಬಿಡಬಹುದಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ‘ಆ್ಯರೊ’ ಮತ್ತು ‘ದಿ ಫ್ಲ್ಯಾಶ್’ ಜಂಟಿ ಕಥೆಯಲ್ಲಿ ಇದೇ ಆಟ ಮತ್ತೆ ನಡೆಯಿತು. ‘ಆ್ಯರೊ’ ನಾಯಕ ಆಲಿವರ್ ಕ್ವೀನ್‌ಗೆ ಒಬ್ಬ ಮಗನಿದ್ದಾನೆ ಎಂಬುದು ಗೆಳತಿ ಫೆಲಿಸಿಟಿ ಸ್ಮೋಕ್‌ಗೆ ಡಿಎನ್‌ಎ ವರದಿಯಿಂದ ಗೊತ್ತಾಗುತ್ತದೆ, ಜಗಳವಾಗುತ್ತದೆ. ಅಷ್ಟರಲ್ಲಿ ಊರಿಗೆ ಊರೇ ನಾಶ. ಬ್ಯಾರಿ ಮತ್ತೆ ಹಿಂದಕ್ಕೆ ಓಡುತ್ತಾನೆ. ಎರಡನೇ ಸಲ ಆಲಿವರ್ ಗುಟ್ಟನ್ನು ಇನ್ನೂ ಜೋಪಾನವಾಗಿ ಮುಚ್ಚಿಡುತ್ತಾನೆ. ಅದಕ್ಕೂ ಸುಮಾರು ಹತ್ತು ವರ್ಷ ಮುಂಚೆ, 2006ರ ಜನವರಿಯಲ್ಲಿ, ‘ಸ್ಮಾಲ್‌ವಿಲ್’ ತನ್ನ ನೂರನೇ ಕಂತಿನಲ್ಲಿ ಲಾನಾ ಲ್ಯಾಂಗ್‌ಗೆ ಮುಂದೆ ಸೂಪರ್‌ಮ್ಯಾನ್ ಆಗುವ ಕ್ಲಾರ್ಕ್ ಯಾರೆಂದು ತಿಳಿಸಿತ್ತು. ಮದುವೆಗೆ ಒಪ್ಪಿದ ಲಾನಾ ಅದೇ ಕಂತಿನಲ್ಲಿ ಕಾರು ಅಪಘಾತಕ್ಕೆ ಬಲಿಯಾಗುತ್ತಾಳೆ. ಕ್ಲಾರ್ಕ್ ಆ ದಿನವನ್ನು ಅಳಿಸಿ ಮತ್ತೆ ಶುರುಮಾಡುತ್ತಾನೆ. ಈ ಸಲ ಬಾಯಿ ಬಿಡುವುದಿಲ್ಲ. ಇವಕ್ಕೆಲ್ಲ ಹಿರಿಯಣ್ಣ 1980ರ ‘ಸೂಪರ್‌ಮ್ಯಾನ್ 2’ ಸಿನಿಮಾ. ಅಲ್ಲಿ ಕಾಲವನ್ನು ತಿರುಗಿಸುವ ಗೋಜೂ ಇಲ್ಲ, ಒಂದೇ ಮುತ್ತಿನಲ್ಲಿ ಲೋಯಿಸ್ ಲೇನ್‌ಳ ನೆನಪು ಅಳಿಸಿಹೋಗುತ್ತದೆ. ನಮ್ಮ ಶಾಕುಂತಲ ನಾಟಕದಲ್ಲಿ ಇದು ತಿರುವುಮುರುವು: ಮರೆತವನು ದುಷ್ಯಂತ, ನೆನಪಿಟ್ಟುಕೊಂಡವಳು ಶಕುಂತಲೆ. ಅವಳು ತುಂಬಿದ ಸಭೆಯಲ್ಲಿ ನಿಂತು ವಾದಿಸಬಲ್ಲಳು. ಐರಿಸ್‌ಗೆ ಆ ಅವಕಾಶವೂ ಇಲ್ಲ, ವಾದಿಸಲು ಏನಾದರೂ ನೆನಪಿರಬೇಕಲ್ಲ.

ಸೂಪರ್‌ಹೀರೊ ಧಾರಾವಾಹಿಗಳಲ್ಲಿ ಹೆಣ್ಣು ಪಾತ್ರಗಳು ಸೊರಗುವುದಕ್ಕೆ ಪ್ರೇಮಕಥೆಯನ್ನು ದೂರುವವರು ಬಹಳ. ‘ಹೊಡೆದಾಟ ನೋಡಲು ಬಂದರೆ ಅಳುಬುರುಕ ಪ್ರೀತಿ ತೋರಿಸುತ್ತಾರೆ’ ಎಂಬ ಗೊಣಗಾಟ ಹಳೆಯದು. ಆದರೆ ಪ್ರೀತಿ ಇರುವುದು ತೊಂದರೆಯಲ್ಲ. ಪ್ರೀತಿಸುವ ಇಬ್ಬರಲ್ಲಿ ಒಬ್ಬರಿಗಷ್ಟೇ ಪೂರ್ತಿ ಕಥೆ ಗೊತ್ತಿರುವುದು ತೊಂದರೆ. ‘ದಿ ಫ್ಲ್ಯಾಶ್’ ಮೊದಲ ಸೀಸನ್‌ನಲ್ಲಿ ಗುಟ್ಟು ಗೊತ್ತಿರುವವರನ್ನು ನೋಡಿ: ಐರಿಸ್‌ಳ ಅಪ್ಪ ಜೋ, ಪ್ರಯೋಗಾಲಯದ ಗೆಳೆಯರು, ಪಕ್ಕದ ಧಾರಾವಾಹಿಯಿಂದ ಬಂದುಹೋಗುವ ಅತಿಥಿಗಳು, ಆಮೇಲಾಮೇಲೆ ಅವಳ ಪ್ರಿಯಕರ ಎಡ್ಡಿ ಕೂಡ. ಐರಿಸ್‌ಗೆ ಹೇಳಬೇಡ ಎಂದು ಮೊದಲ ಕಂತಿನಲ್ಲೇ ಮಾತು ತೆಗೆದುಕೊಳ್ಳುವವನು ಅಪ್ಪ. ಎಲ್ಲ ಅವಳ ಒಳ್ಳೆಯದಕ್ಕೇ! ಆ ಮಿಂಚಿನ ಮನುಷ್ಯನ ಬಗ್ಗೆ ಬರೆಯುತ್ತಿರುವ ವರದಿಗಾರ್ತಿ ಅವಳೇ ಎಂಬುದು ಯಾರಿಗೂ ತಮಾಷೆ ಅನ್ನಿಸುವುದಿಲ್ಲ. ದೂರದರ್ಶನದಲ್ಲಿ 1997ರಿಂದ ಬಂದ ‘ಶಕ್ತಿಮಾನ್’ ನೋಡಿ ಬೆಳೆದವರಿಗೆ ಗೀತಾ ವಿಶ್ವಾಸ್ ನೆನಪಾಗಬಹುದು. ಶಕ್ತಿಮಾನ್‌ನ ಬೆನ್ನುಹತ್ತಿದ ಆ ಚುರುಕು ಪತ್ರಕರ್ತೆಗೂ ತನ್ನದೇ ಪತ್ರಿಕೆಯ ಪೆದ್ದು ಫೋಟೊಗ್ರಾಫರ್ ಗಂಗಾಧರನ ಗುರುತು ಬಹುಕಾಲ ಹತ್ತಲಿಲ್ಲ.

ಹೀಗೇಕೆ? ಆಗ ಅಮೆರಿಕದ ವಾಹಿನಿಗಳಲ್ಲಿ ವರ್ಷಕ್ಕೆ ಇಪ್ಪತ್ತೆರಡು, ಇಪ್ಪತ್ಮೂರು ಕಂತು ತುಂಬಿಸಬೇಕಿತ್ತು. ಜೋಡಿ ಒಂದಾದರೆ ಪ್ರೇಕ್ಷಕ ಎದ್ದುಹೋಗುತ್ತಾನೆ ಎಂಬ ಭಯ ನಿರ್ಮಾಪಕರಿಗೆ. ಈ ಭಯದ ಪ್ರತಾಪ ಎಂಥದೆಂದರೆ, 1993ರಲ್ಲಿ ಶುರುವಾದ ‘ಲೋಯಿಸ್ ಆ್ಯಂಡ್ ಕ್ಲಾರ್ಕ್’ಗಾಗಿ ಕಾಮಿಕ್ ಪುಸ್ತಕಗಳಲ್ಲಿ ನಿಗದಿಯಾಗಿದ್ದ ಸೂಪರ್‌ಮ್ಯಾನ್ ಮದುವೆಯನ್ನೇ ಮುಂದೂಡಲಾಯಿತು. ಕೈಯಲ್ಲಿ ಕಥೆಯಿಲ್ಲದೆ ಉಳಿದ ಕಾಮಿಕ್ ಲೇಖಕರು 1992ರ ಕೊನೆಯಲ್ಲಿ ಸೂಪರ್‌ಮ್ಯಾನ್‌ನನ್ನೇ ಕೊಂದು ಹಾಕಿದರು. ಆ ಸಂಚಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ಟಿವಿಯಲ್ಲಂತೂ ಮದುವೆ ತಪ್ಪಿಸಲು ಕಪ್ಪೆ ತಿನ್ನುವ ನಕಲಿ ಲೋಯಿಸ್‌ಳನ್ನು ಸೃಷ್ಟಿಸಿದರು. ಮದುವೆ ಕೊನೆಗೂ ಆದದ್ದು 1996ರ ಅಕ್ಟೋಬರ್‌ನಲ್ಲಿ, ಧಾರಾವಾಹಿ ಮುಗಿದದ್ದು ಮರುವರ್ಷ. ‘ನಾವು ಹೇಳಿರಲಿಲ್ಲವೇ’ ಎನ್ನಲು ವಾಹಿನಿಯವರಿಗೆ ಇಷ್ಟು ಸಾಕಾಯಿತು.

ಆದರೆ ಲೆಕ್ಕ ಇನ್ನೊಂದು ಕಡೆಗೂ ಇದೆ. ಬ್ಯಾರಿ-ಐರಿಸ್ ಮದುವೆ 2017ರ ನವೆಂಬರ್‌ನಲ್ಲಿ, ನಾಲ್ಕನೇ ಸೀಸನ್‌ನಲ್ಲಿ ಆಯಿತು. ಧಾರಾವಾಹಿ 2023ರವರೆಗೆ, ಒಂಬತ್ತು ಸೀಸನ್ ಓಡಿತು. ಗಂಡ ಹೆಂಡತಿ ಕೂತು ಒಟ್ಟಿಗೆ ಯೋಚಿಸುವುದನ್ನೂ ಜನ ನೋಡುತ್ತಾರೆ. ಮದುವೆಗೆ ಮುಂಚೆ, ಮೂರನೇ ಸೀಸನ್ನಿನ ಬಹುಭಾಗ ಐರಿಸ್‌ಳನ್ನು ಭವಿಷ್ಯದಲ್ಲಿ ಮತ್ತೆ ಮತ್ತೆ ಕೊಲ್ಲಿಸಿ ನಾಯಕನ ಕಣ್ಣೀರು ತೋರಿಸಿದ್ದಕ್ಕಿಂತ ಇದು ವಾಸಿ.

ಕೊಲ್ಲುವುದೂ ಹಳೆಯ ವಿದ್ಯೆಯೇ. ನಾಯಕನನ್ನು ಕೆರಳಿಸಲು ಕೊಲೆಯಾಗುವ ಕಾಮಿಕ್ ನಾಯಕಿಯರ ಪಟ್ಟಿಯನ್ನು ಮುಂದೆ ಕಾಮಿಕ್ ಲೇಖಕಿಯಾದ ಗೇಲ್ ಸಿಮೋನ್ 1999ರಲ್ಲೇ ಮಾಡಿದ್ದರು. ಪಟ್ಟಿಗೆ ಹೆಸರು ಬಂದದ್ದು ಗ್ರೀನ್ ಲ್ಯಾಂಟರ್ನ್‌ನ ಗೆಳತಿಯ ಶವವನ್ನು ಫ್ರಿಜ್ಜಿನಲ್ಲಿ ತುರುಕಿದ ಕಥೆಯಿಂದ. ‘ಆ್ಯರೊ’ ನಾಲ್ಕನೇ ಸೀಸನ್ ಒಂದು ಸಮಾಧಿ ತೋರಿಸಿ ಶುರುವಾಯಿತು. ಅದು ಯಾರದೆಂದು ಆಗ ತಮಗೇ ಗೊತ್ತಿರಲಿಲ್ಲ ಎಂದು ನಿರ್ಮಾಪಕರು ಹೇಳಿಕೊಂಡರು. ತಿಂಗಳುಗಳ ನಂತರ ಅದಕ್ಕೆ ಸಿಕ್ಕವಳು ಲಾರೆಲ್ ಲ್ಯಾನ್ಸ್. ಕುಡಿತದಿಂದ ಹೊರಬಂದು, ಏಟು ತಿಂದು ತಿಂದು ಬ್ಲ್ಯಾಕ್ ಕ್ಯಾನರಿ ಎಂಬ ಸೂಪರ್‌ಹೀರೊ ಆದವಳು ಸಾಯುವ ಮುಂಚೆ ಮಾತಾಡಿದ್ದು ಆಲಿವರ್‌ನ ಮೇಲಿನ ಪ್ರೀತಿಯ ಬಗ್ಗೆ. ಬೇರೆ ಯಾವ ಮಾತೂ ಅವಳಿಗೆ ಸಿಗಲಿಲ್ಲವೇ?

ಹೆಣ್ಣನ್ನೇ ನಾಯಕಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ‘ಸೂಪರ್‌ಗರ್ಲ್’ನಲ್ಲಿ ಕಾರಾ ತನ್ನ ಗುಟ್ಟನ್ನು ಆಪ್ತ ಗೆಳತಿ ಲೀನಾ ಲೂಥರ್‌ಳಿಂದ ನಾಲ್ಕನೇ ಸೀಸನ್ನಿನ ಕೊನೆಯವರೆಗೂ ಮುಚ್ಚಿಟ್ಟಳು. ಲೀನಾ ಅದನ್ನು ಕೇಳಿದ್ದು ಅಣ್ಣ ಲೆಕ್ಸ್‌ನ ಬಾಯಿಂದ. ಆದರೂ ಒಂದು ವ್ಯತ್ಯಾಸವಿತ್ತು: ಇಲ್ಲಿ ಯಾರೂ ಅವಳ ನೆನಪನ್ನು ಅಳಿಸಲಿಲ್ಲ. ಮುಂದಿನ ಸೀಸನ್ನಿನ ಬಹುಭಾಗ ಲೀನಾಳ ಸಿಟ್ಟಿನದು. 2021ರಲ್ಲಿ ಧಾರಾವಾಹಿ ಮುಗಿಯುವಾಗ ಕಾರಾ ತಾನು ಯಾರೆಂದು ಲೋಕಕ್ಕೇ ಹೇಳುತ್ತಾಳೆ. ಪಕ್ಕದಲ್ಲಿ ಪ್ರಿಯಕರನಿಲ್ಲ, ಅದರ ಕೊರಗೂ ಇಲ್ಲ.

ನೆನಪಿನ ಪ್ರಶ್ನೆಯನ್ನು ನೇರವಾಗಿ ಹಿಡಿದದ್ದು ಮಾತ್ರ ‘ಜೆಸ್ಸಿಕಾ ಜೋನ್ಸ್’. ಅದೂ 2015ರ ನವೆಂಬರ್‌ನದೇ. ಇದರ ರೂವಾರಿ ಮೆಲಿಸ್ಸಾ ರೋಸನ್‌ಬರ್ಗ್, ‘ಟ್ವೈಲೈಟ್’ ಚಿತ್ರಗಳಿಗೆ ಚಿತ್ರಕಥೆ ಬರೆದಾಕೆ ಎಂಬುದು ಸೋಜಿಗ. ಮಾತಿನಿಂದಲೇ ಯಾರನ್ನಾದರೂ ಕುಣಿಸಬಲ್ಲ ಕಿಲ್‌ಗ್ರೇವ್ ಜೆಸ್ಸಿಕಾಳನ್ನು ಹಿಂದೊಮ್ಮೆ ವಶದಲ್ಲಿಟ್ಟುಕೊಂಡಿದ್ದ. ಅವನ ಪ್ರಕಾರ ಅದು ಪ್ರೇಮ. ಅದನ್ನು ಸಾಬೀತು ಮಾಡಲು ಅವಳ ಬಾಲ್ಯದ ಮನೆಯನ್ನೇ ಕೊಂಡು, ಹಿಂದಿದ್ದಂತೆಯೇ ಸಜ್ಜುಗೊಳಿಸುತ್ತಾನೆ. ನನ್ನ ಹಿಡಿತ ಹದಿನೆಂಟು ಸೆಕೆಂಡ್ ತಪ್ಪಿತ್ತು, ಆಗಲೂ ನೀನು ಹೋಗಲಿಲ್ಲ ಎಂದು ವಾದಿಸುತ್ತಾನೆ. ಬೇರೆ ಧಾರಾವಾಹಿಯಾಗಿದ್ದರೆ ಈ ಹಿನ್ನೋಟಕ್ಕೆ ಪಿಟೀಲಿನ ಹಿನ್ನೆಲೆ ಇರುತ್ತಿತ್ತು. ಇಲ್ಲಿ ಅದೇ ಘಳಿಗೆಯನ್ನು ಜೆಸ್ಸಿಕಾ ತನ್ನ ಕಡೆಯಿಂದ ಹೇಳುತ್ತಾಳೆ: ಅವಳು ಅಂಚಿನಲ್ಲಿ ನಿಂತು ಜಿಗಿಯಲು ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಅವನು ಕರೆದಿದ್ದ. ಮಾತು ಕೇಳದ ಕಿವಿ ಏಕೆ ಬೇಕು, ಕತ್ತರಿಸಿಕೋ ಎಂದಿದ್ದ. ಆ ಗಾಯದ ಕಲೆ ಇನ್ನೂ ಅವಳ ಕಿವಿಯ ಹಿಂದಿದೆ.

2022ರ ‘ಷಿ-ಹಲ್ಕ್’ ಕಥೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ನಗುವಿಗೆ ತಿರುಗಿಸಿತು. ಕೊನೆಯ ಕಂತಿನಲ್ಲಿ ವಕೀಲೆ ಜೆನ್ ವಾಲ್ಟರ್ಸ್ ತನ್ನ ಕಥೆ ದಾರಿ ತಪ್ಪುತ್ತಿದೆ ಎಂದು ರೇಗಿ, ಪರದೆಯಿಂದಾಚೆಗೆ ಹಾರಿ, ಲೇಖಕರ ಕೋಣೆಗೇ ನುಗ್ಗುತ್ತಾಳೆ. ಗಂಡಸರು ಬಂದು ಮುಗಿಸುವ ಹೊಡೆದಾಟ ತನಗೆ ಬೇಡ ಎಂದು ತಕರಾರು ತೆಗೆದು ಅಂತ್ಯವನ್ನೇ ಬದಲಾಯಿಸುತ್ತಾಳೆ. ಪ್ರೀತಿ ಬೇಡವೆನ್ನುವುದಿಲ್ಲ, ತಾನು ಮೆಚ್ಚಿದ ಸೂಪರ್‌ಹೀರೊ ಡೇರ್‌ಡೆವಿಲ್ ವಾಪಸ್ ಬರಲಿ ಎಂದು ತಾನೇ ಪಟ್ಟಿಗೆ ಸೇರಿಸುತ್ತಾಳೆ. ಅವನು ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಆಮೇಲೆ ಅವಳ ಮನೆಯವರ ಊಟದ ಮೇಜಿನಲ್ಲಿ ಕೂತು, ನೆಂಟರಿಷ್ಟರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸುವ ಸರದಿ ಅವನದು.